ಗೌಡರ ಕೆಂಪು ಮಕಮಲ್ಲು

ನಾಟಕದ ವೇಷ ಹೊಲಿಯುವ ನೀಲವ್ವನ ಮುಂದೆ ಸಂಘದ ಅಧ್ಯಕ್ಷ ವಿರೂಪಾಕ್ಷಗೌಡರು ಬಂದು ನಿಂತರು. ಅವರದು ಮಂತ್ರಿಯ ಪಾತ್ರ. ಒಂದೂ ಮಾತಿಲ್ಲ. ಆದರೂ ನಾಟಕ ಮುಗಿಯುವತನಕ ರಂಗದ ಮೇಲೇ ಇರುತ್ತೇನೆಂದು ಹಟ ಹಿಡಿದಿದ್ದರು.

"ನನ್ನ ಅಂಗಿಗೆ ರಂಗದ ಮ್ಯಾಲ ಎಲ್ಲಾಕ್ಕಿಂತ ತುಟ್ಟಿ ಅರಿವಿ ಬೇಕು. ರಾಜಾನೂ ಅದರ ಮುಂದ ಸಪ್ಪಗ ಕಾಣಬೇಕು," ಅಂದರು.

ರಾಜನಾಗುವವನು ಕುಂಬಾರ ಸಾಬಣ್ಣ. ತಿಗರಿ ತಿರುಗಿಸುತ್ತಲೇ ಮಾತೆಲ್ಲ ಬಾಯಿಪಾಠ ಮಾಡಿದ್ದ. ಪಾಪ, ಅಲ್ಲೇ ಕೂತಿದ್ದ ಅವನ ಮುಖ ಸಣ್ಣದಾಯಿತು.

ನೀಲವ್ವ ರೇಷ್ಮೆ ತೋರಿಸಿದಳು, ಜರಿ ತೋರಿಸಿದಳು. ಗೌಡರು ಎಲ್ಲಕ್ಕೂ ಮೂಗು ಮುರಿದರು.

"ಹಂಗಾರ ಒಂದ ಉಳೀತ್ರಿ ಗೌಡ್ರ. ರಂಗದ ಹಿಂದಿನ ಪರದೆ ಹೊಲಿದು ಉಳಿದ ಕೆಂಪು ಮಕಮಲ್ಲು. ಅದಕ್ಕಿಂತ ತುಟ್ಟಿದು ಯಾವುದೂ ಇಲ್ಲ."

ಗೌಡರ ಕಿವಿಗೆ ತುಟ್ಟಿ ಅನ್ನುವುದಷ್ಟೇ ಬಿತ್ತು. "ಅದನ್ನ ಹೊಲಿ. ತಲಿ ಪಟಗಾಕ್ಕೂ ಅದನ್ನ ಹಾಕು!"

ನಾಟಕದ ದಿನ ಗೌಡರು ಕೆಂಪು ಪರದೆಯ ಮುಂದೆ ಎದೆ ಸೆಟೆಸಿ ನಿಂತರು. ಹಳದಿ ಸ್ಯಾಟಿನ್ ತೊಟ್ಟ ಸಾಬಣ್ಣನಿಗೆ ಜನ ಸೀಟಿ ಹೊಡೆದಿದ್ದೇ ಹೊಡೆದಿದ್ದು.

ಮುಗಿದ ಮೇಲೆ ಗೌಡರು ಹೆಂಡತಿಯನ್ನು ಕೇಳಿದರು: "ಹೆಂಗ ಕಾಣ್ತಿದ್ದೆ?"

"ನೀವೂ ಇದ್ರೇನ್ರೀ?" ಅಂದಳು ಆಕೆ. "ಪರದೆ ಮ್ಯಾಲ ಯಾರೋ ಒಂದ ಮೀಸಿ ಮುಖ ಬರೆದಿದ್ರು. ಚೊಲೋ ಇತ್ತು."

ಗೌಡರು ಬುಸುಗುಡುತ್ತ ನೀಲವ್ವನ ಹತ್ತಿರ ಬಂದರು. "ಮುಂದಿನ ಸಲ ನಾ ಎದ್ದ ಕಾಣೂವಂಥ ಅರಿವಿ ಆರಿಸು!"

ನೀಲವ್ವ ಸೂಜಿಗೆ ದಾರ ಪೋಣಿಸುತ್ತ ಅಂದಳು: "ನಿಮ್ಮ ದಿನದ ಬಿಳಿ ಅಂಗಿನ ಸಾಕ್ರಿ. ನಾಟಕ ನೋಡೋರ ಮೊದಲನೇ ಸಾಲಿನಾಗ ನಡುವಿನ ಕುರ್ಚಿ ಹಾಕಿಸ್ತೇನಿ. ಇಡೀ ಊರು ನಿಮ್ಮನ್ನ ನೋಡತೈತಿ."

ಗೌಡರು ಮೀಸೆ ತೀಡಿದರು.

"ಆತು," ಅಂದರು. "ಆದರ ಕುರ್ಚಿಗೆ ಬಿಳಿ ಅರಿವಿ ಹಾಕಬ್ಯಾಡ."