ಹೀರೆಯ ಹಂದರ ಇಳಿದ ದಿನ

ಹೊಳೆಯ ದಂಡೆಯ ಮೇಲೆ ನೀಲವ್ವನ ಆಶ್ರಮ. ಆಶ್ರಮ ಅಂದರೆ ಏನು, ಎರಡು ಗುಡಿಸಲು, ಒಂದು ಬಾವಿ, ಮತ್ತೆ ಬಾಳಪ್ಪನ ಕಾಯಿಪಲ್ಲೆ ತೋಟ.

ಅದು ಬಾಳಪ್ಪನ ತೋಟ ಅಂತ ಹೇಳುತ್ತಿದ್ದವನು ಬಾಳಪ್ಪ ಒಬ್ಬನೇ.

ಮೀಸೆ ನರೆಯುವ ವಯಸ್ಸಿನಲ್ಲಿ ಅವ್ವನ ಹತ್ತಿರ ಕಲಿಯಲು ಬಂದವನು. ಬಂದ ದಿನವೇ ಅವ್ವ ಅವನ ಕೈಗೆ ಸಲಿಕೆ ಕೊಟ್ಟಳು. ಮಂತ್ರಗಿಂತ್ರ ಏನೂ ಕೊಡಲಿಲ್ಲ. ಯಾರಾದರೂ "ಇವರು ಯಾರ್ರಿ?" ಅಂದರೆ, "ತೋಟದಾಗ ಇರ್ತಾನ" ಅಂದುಬಿಡುತ್ತಿದ್ದಳು. "ನನ್ನ ಶಿಷ್ಯ" ಅನ್ನುವ ಮಾತು ಆ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ.

ಅದೊಂದು ಮಾತಿಗಾಗಿ ಬಾಳಪ್ಪ ಜೀವ ಬಿಡುತ್ತಿದ್ದ.

ಆ ವರ್ಷ ಮಳೆ ಕೈಹಿಡಿಯಿತು. ಬಾಳಪ್ಪ ಕಟ್ಟಿದ ಹಂದರದ ಮೇಲೆ ಹೀರೆಬಳ್ಳಿ ಹಬ್ಬಿದ್ದೇ ಹಬ್ಬಿದ್ದು. ಕೆಳಗೆ ನಿಂತರೆ ಬಿಸಿಲು ಕಾಣದು. ಮೊಳಕೈ ಉದ್ದದ ಕಾಯಿಗಳು ತಲೆಗೆ ಬಡಿಯುತ್ತಿದ್ದವು. ಹೊಳೆ ದಾಟುವ ಮಂದಿ ಅಂಬಿಗನಿಗೆ ಹೇಳಿ ದೋಣಿ ನಿಲ್ಲಿಸಿ ನೋಡುತ್ತಿದ್ದರು.

"ಅಬಬಾ, ಎಂಥಾ ಹಂದರಪಾ!"

ಬಾಳಪ್ಪ ಕೇಳಿಸದವನ ಹಾಗೆ ಕಳೆ ಕೀಳುತ್ತಿದ್ದ. ಕೇಳಿಸದೆ ಏನು? ಕಿವಿಯೆಲ್ಲಾ ದೋಣಿಯ ಕಡೆಗೇ.

ದಸರೆ ಮುಗಿಯಿತು. ಮೋಡ ಸರಿದು ಆಕಾಶ ತಿಳಿಯಾಯಿತು. ಬೆಳಗಿನ ಗಾಳಿಗೆ ಚಳಿ ಸೇರಿತು. ಹೀರೆಯ ಎಲೆಗಳ ಅಂಚು ಹಳದಿಗೆ ತಿರುಗಿತು.

ದಸರೆ ಮುಗಿದ ಮರುದಿನ ಮಳೆಗಾಲದ ಬಳ್ಳಿ ಇಳಿಸಿ, ಮಣ್ಣಿನಲ್ಲಿ ಹಸಿ ಇರುವಾಗಲೇ ಕಡಲೆ, ಮೆಂತ್ಯ, ಮೂಲಂಗಿ ಬಿತ್ತುವುದು ಆಶ್ರಮದ ರೂಢಿ. ಅಲ್ಲಿಯದು ಎರೆಮಣ್ಣು. ಒಣಗಿ ಬಿರುಕುಬಿಟ್ಟಿತೋ, ಬೀಜ ಹಿಡಿಯುವುದಿಲ್ಲ. ಚಳಿಗಾಲವೆಲ್ಲಾ ಬರೀ ರೊಟ್ಟಿ ತಿನ್ನಬೇಕು.

"ಬಾಳಪ್ಪಾ, ಹಂದರ ಯಾವಾಗ ಇಳಸ್ತೀ?"

"ಇನ್ನೂ ಹೂವು ಐತ್ರಿ ಅವ್ವಾರ."

"ಹೂವು ಐತಿ, ಖರೆ."

ಮಧ್ಯಾಹ್ನ ಬಾಳಪ್ಪ ಅದೇ ಬಳ್ಳಿಯ ಹೀರೆಕಾಯಿ ಪಲ್ಯ ಮಾಡಿ ಬಡಿಸಿದ. ಅವ್ವ ಒಂದು ತುತ್ತು ಬಾಯಿಗಿಟ್ಟು ಅಗಿದಳು. ಅಗಿದೇ ಅಗಿದಳು. ಕೊನೆಗೆ ಬಾಯಿಂದ ನಾರಿನ ಉಂಡೆ ತೆಗೆದು, ಅದರಿಂದಲೇ ತನ್ನ ತಂಬಿಗೆ ತಿಕ್ಕಲು ಕೂತಳು.

"ಭಾರಿ ಪಲ್ಯೆ ಮಾಡೀಯಪ್ಪಾ," ಅಂದಳು. "ಊಟಾನೂ ಆತು, ತಂಬಿಗೀನೂ ಬೆಳಗಿತು."

ಬಾಳಪ್ಪನ ಮುಖ ಸಣ್ಣದಾಯಿತು. ಆದರೂ ಹಟ ಬಿಡಲೊಲ್ಲ.

"ಹುಣ್ಣಿಮಿ ಒಂದು ದಾಟಲ್ರಿ ಅವ್ವಾರ. ಅವತ್ತ ಅಡವಯ್ಯಜ್ಜಾರು ಬರ್ತಾರಂತ. ಅವರೊಮ್ಮೆ ಹಂದರ ನೋಡಲಿ."

ಅಡವಯ್ಯಜ್ಜ ಹೊಳೆಯಾಚೆಯ ಮಠದವರು. ಅವ್ವನೂ ಅವರೂ ಒಬ್ಬನೇ ಗುರುವಿನ ಕೈಕೆಳಗೆ ಕಲಿತವರು. ಬಾಳಪ್ಪನ ಲೆಕ್ಕಾಚಾರ ಇಷ್ಟೇ. ಅಜ್ಜ ಹಂದರ ನೋಡಿದವರೇ "ಇದನ್ನ ಮಾಡಿದಾಂವ ಯಾರು?" ಅಂತ ಕೇಳುತ್ತಾರೆ. ಅಂಥವರ ಎದುರು ಅವ್ವ "ತೋಟದಾಗ ಇರ್ತಾನ" ಅನ್ನಲು ಸಾಧ್ಯವೇ? ಆ ಮಾತು ಅವತ್ತು ಬಂದೇ ಬರಬೇಕು.

ಅವ್ವ ಬೈಯಲಿಲ್ಲ. ಬಳ್ಳಿಯ ಬುಡಕ್ಕೆ ಕೈಹಾಕಿ ಒಂದು ಹಿಡಿ ಹಸಿಮಣ್ಣು ತೆಗೆದಳು. ಉಂಡೆ ಕಟ್ಟಿ ಅವನ ಅಂಗೈಯಲ್ಲಿಟ್ಟಳು.

"ಇದನ್ನ ಹುಣ್ಣಿಮಿತನಕ ಹಿಂಗ ಹಸಿ ಇಡು. ಅಲ್ಲೀತನಕ ಹಂದರಾನೂ ಇರಲಿ."

"ನೀರು ಚಿಮುಕಿಸಬಹುದೇನ್ರಿ?"

"ನಾಳೆ ತೋಟಕ್ಕೆಲ್ಲಾ ತಂಬಿಗೀಲೆ ಚಿಮುಕಿಸ್ತೀಯೇನು?"

ಬಾಳಪ್ಪ ಉಂಡೆಯನ್ನು ಗುಡಿಸಲೊಳಗೆ, ಬಿಸಿಲು ಬೀಳದ ಮೂಲೆಯಲ್ಲಿಟ್ಟ. ಹೋಗುತ್ತಾ ಬರುತ್ತಾ ಮುಟ್ಟಿ ನೋಡಿದ. ಸಂಜೆಗೆ ಅದರ ಮೈ ಬಿಳಚಿಕೊಂಡಿತು. ಮರುದಿನ ಹೊತ್ತೇರುವಷ್ಟರಲ್ಲಿ ಉಂಡೆ ಎರಡಾಗಿ ಬಿರಿದಿತ್ತು. ಉಗುರಿನಿಂದ ಕೆರೆದ. ಉಗುರು ಇಳಿಯಲಿಲ್ಲ.

ಹಂದರದ ಕೆಳಗೆ ಓಡಿ ಮಣ್ಣಿಗೆ ಕೈಹಾಕಿದ. ಮೇಲೆ ಗಟ್ಟಿಯಾಗುತ್ತಿತ್ತು. ಬೆರಳು ಊರಿದರೆ ಒಳಗೆ ಮಾತ್ರ ಇನ್ನೂ ತಂಪು. ಇವತ್ತು ಬಿತ್ತಿದರೆ ಉಂಟು, ಹುಣ್ಣಿಮೆಯ ತನಕ ಕಾದರೆ ಇಲ್ಲ.

ಕುಡುಗೋಲು ತಂದು ಬುಡದ ಹತ್ತಿರ ಕೂತ. ತಲೆಯೆತ್ತಿ ನೋಡಿದ. ನಿನ್ನೆ ಸಂಜೆ ಅರಳಿದ ಹಳದಿ ಹೂಗಳು ಇನ್ನೂ ಬಾಡಿರಲಿಲ್ಲ. ಅಜ್ಜ ಬರುತ್ತಾರೆ, ಬರೀ ನೆಲ ನೋಡಿ ಹೋಗುತ್ತಾರೆ. ಆ ಮಾತು ಇನ್ನು ಈ ಜನ್ಮದಲ್ಲಿ ಬಂದ ಹಾಗೇ! ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಅಷ್ಟು ದೊಡ್ಡ ಮನುಷ್ಯ ಗಳಗಳ ಅತ್ತುಬಿಟ್ಟ.

"ಹೋಗಿ ಬಾ ತಾಯೀ," ಅಂದ ಬಳ್ಳಿಗೆ. ಕೊಯ್ದ.

ಆಮೇಲೆ ತಡಮಾಡಲಿಲ್ಲ. ಬಳ್ಳಿ ಎಳೆದು ತಿಪ್ಪೆಗೆ ಹಾಕಿದ. ಒಣಗಿದ ಕಾಯಿಗಳನ್ನು ಬೀಜಕ್ಕೆಂದು ಸೂರಿಗೆ ಕಟ್ಟಿದ. ಬಿದಿರಿನ ಗಳಗಳನ್ನು ಗೋಡೆಗೆ ಒರಗಿಸಿದ. ಸೊಂಟ ಬಿದ್ದುಹೋಗುವ ತನಕ ನೆಲ ಅಗೆದು, ಮಡಿ ಮಾಡಿ, ಬಿತ್ತಿದ. ಅವ್ವ ಬಾಗಿಲಲ್ಲಿ ಕೂತು ಎಲ್ಲಾ ನೋಡಿದಳು. ಒಂದು ಸಲ ಎದ್ದುಬಂದು ಮಜ್ಜಿಗೆ ಕೊಟ್ಟು ಹೋದಳು.

ಹುಣ್ಣಿಮೆ ಬಂತು. ಅಡವಯ್ಯಜ್ಜ ದೋಣಿ ಇಳಿದು ಬಂದರು. ಹಿಂದೆ ಒಂದಷ್ಟು ಮಂದಿ. ಮಡಿಗಳಲ್ಲಿ ಒಂದು ಮೊಳಕೆಯೂ ಇನ್ನೂ ತಲೆಯೆತ್ತಿರಲಿಲ್ಲ. ಬಾಳಪ್ಪ ಬಾವಿಯ ಹಿಂದೆ ಮರೆಯಾಗಿ ನಿಂತ.

"ಎಲ್ಲೈತಿ ನೀಲವ್ವಾ ಆ ಹಂದರ?" ಅಜ್ಜ ಕೇಳಿದರು. "ದಾರಿ ತುಂಬ ಅದರದೇ ಮಾತು. ಇಲ್ಲಿ ನೋಡಿದ್ರ ಬರೇ ಮಣ್ಣು!"

ಹಿಂದಿದ್ದವರು ಕಿಸಕ್ಕೆಂದರು. ಬಾಳಪ್ಪನಿಗೆ ಬಾವಿಗಾದರೂ ಇಳಿದುಬಿಡಲೇ ಅನ್ನಿಸಿತು.

"ಬಾಳಪ್ಪಾ," ಅವ್ವ ಕೂಗಿದಳು. "ಬಾ ಇಲ್ಲೆ. ಬಾವಿ ಎಲ್ಲೂ ಓಡಿಹೋಗೂದಿಲ್ಲ."

ತಲೆ ತಗ್ಗಿಸಿಕೊಂಡು ಬಂದ. ಅವನ ಉಗುರುಗಳಲ್ಲಿ ಇನ್ನೂ ಎರೆಮಣ್ಣು. ಅವ್ವ ಆ ಕೈಯನ್ನು ಎಲ್ಲರೆದುರು ಗಟ್ಟಿಯಾಗಿ ಹಿಡಿದುಕೊಂಡಳು. ಬೆನ್ನು ಬಾಗಿದ್ದ ಮುದುಕಿ ನೆಟ್ಟಗೆ ನಿಂತಳು. ಅವಳು ಹಾಗೆ ನಿಂತದ್ದನ್ನು ಬಾಳಪ್ಪ ಎಂದೂ ನೋಡಿರಲಿಲ್ಲ.

"ಬಳ್ಳಿ ಹಬ್ಬಿಸಿದ್ದು ಮಳಿ, ಅಜ್ಜಾರ," ಅಂದಳು. "ಇಳಿಸಿದಾಂವ ನನ್ನ ಶಿಷ್ಯ."