ಮರಕುಟಿಗನ ಹೆಡ್‌ಫೋನ್

ರಾಕ್, ಮೆಟಲ್, ರ್ಯಾಪ್ ಎಂದರೆ ಪ್ರಾಣ ಬಿಡುವ ಮರಕುಟಿಗವೊಂದು ಅಗ್ಗದ ಹೆಡ್‌ಫೋನ್ ಹುಡುಕಿಕೊಂಡು ಹೆಗ್ಗಣದ ಅಂಗಡಿಗೆ ನುಗ್ಗಿತು. ನಿಂತಲ್ಲಿ ನಿಲ್ಲದೆ ಒಂದನ್ನು ಕಿವಿಗೆ ಹಾಕಿತು, ಕಿತ್ತಿತು, ಇನ್ನೊಂದನ್ನು ಹಾಕಿತು, ಅದನ್ನೂ ಕಿತ್ತಿತು.

"ಒಂದು ಹಾಡನ್ನಾದರೂ ಪೂರ್ತಿ ಕೇಳಿ ಸ್ವಾಮಿ," ಎಂದಿತು ಹೆಗ್ಗಣ.

"ಅಷ್ಟು ಪುರುಸೊತ್ತು ಯಾರಿಗಿದೆ? ಎದೆ ನಡುಗುವಂತೆ ಗುಡುಗಬೇಕು, ಅಷ್ಟೇ!" ಮಳೆಗಾಲಕ್ಕೆಂದು ಕೂಡಿಟ್ಟಿದ್ದ ಒಂದು ಹಿಡಿ ಹುಳುಗಳನ್ನೆಲ್ಲ ಬೆಲೆಯಾಗಿ ಅಂಗಡಿಯಲ್ಲಿ ಸುರಿದು, ಎಲ್ಲಕ್ಕಿಂತ ಜೋರಾಗಿ ಗುಡುಗಿದ್ದನ್ನೇ ಹಾಕಿಕೊಂಡು ಮರಕುಟಿಗ ಹಾರಿಹೋಯಿತು.

ಸಂಜೆಯೊಳಗೆ ಹಾರಿದಷ್ಟೇ ರಭಸದಲ್ಲಿ ಮರಳಿ ಬಂತು. "ಇದೇನಯ್ಯಾ ಮೋಸ! ಗಿಟಾರ್ ಎಲ್ಲೋ ಹೂತುಹೋಗಿದೆ. ರ್ಯಾಪ್ ಹಾಡುವವನು ಯಾರನ್ನು ಬೈಯುತ್ತಿದ್ದಾನೆ ಅನ್ನೋದೇ ತಿಳಿಯುತ್ತಿಲ್ಲ. ಬರೀ ಧಡ್ ಧಡ್, ಧಡ್ ಧಡ್!"

ಹೆಗ್ಗಣ ಮೀಸೆ ಒರೆಸಿಕೊಂಡು ಕೇಳಿತು: "ತಾವು ಮರ ಕುಟ್ಟಿ ನೋಡುವವರು. ಕುಟ್ಟಿದರೆ ಯಾವ ಮರ ಹೆಚ್ಚು ಗುಡುಗುತ್ತದೆ?"

ಕಸುಬಿನ ಮಾತು ಬಂದದ್ದೇ ತಡ, ಮರಕುಟಿಗ ಕೊಕ್ಕೆತ್ತಿ ಬೀಗಿತು. "ಅದನ್ನೂ ಕೇಳಬೇಕೇ? ಒಳಗೆಲ್ಲ ಟೊಳ್ಳಾದ ಮರ!"

ಹೇಳಿದ ಮೇಲೆ, ಹುಟ್ಟಿದಾಗಿನಿಂದ ಒಂದು ಗಳಿಗೆಯೂ ಸುಮ್ಮನಿರದ ಆ ಹಕ್ಕಿ, ಆ ಹೆಡ್‌ಫೋನನ್ನು ಕಿವಿಯಿಂದ ತೆಗೆದು, ಮೊದಲ ಸಲ ನಿಧಾನವಾಗಿ, ಕೊಕ್ಕಿನಿಂದ ಕುಟ್ಟಿ ನೋಡಿತು.