ಹಿಂದಕ್ಕೆ ಓಡಿದ ಚುಕ್ಕೆ

"ಗುರುಗಳೇ, ನನ್ನ ಜೊತೆ ಪಾಠ ಮಾಡುವವನನ್ನು ಬದಲಿಸಿಕೊಡುತ್ತೀರಾ?"

ಆಶ್ರಮದ ಶಾಲೆಯಲ್ಲಿ ತರಗತಿ ನಡೆಯುವ ಹೊತ್ತು ಅದು. ಶಿಷ್ಯ ಮಕ್ಕಳಿಗೆ ಹೇಳಿಕೊಡುತ್ತಿದ್ದ ಪಾಠವನ್ನು ಅರ್ಧಕ್ಕೆ ಬಿಟ್ಟು ಎದ್ದುಬಂದಿದ್ದ. ಕೈಗೆ ಸೀಮೆಸುಣ್ಣದ ಪುಡಿ ಇನ್ನೂ ಅಂಟಿಕೊಂಡಿತ್ತು.

"ಅವನು ತುಂಬ ನಿಧಾನ. ಶಾಲೆಯಲ್ಲಿ ಏನು ಎಡವಟ್ಟಾದರೂ ಅಲ್ಲಿ ಅವನೇ ಇರುತ್ತಾನೆ," ಎಂದ.

ಗುರುಗಳು ಕೂರುವಂತೆ ಸನ್ನೆ ಮಾಡಿ ಹೇಳತೊಡಗಿದರು.

ಒಬ್ಬ ಮನೆಯೊಡತಿ ಇದ್ದಳು. ಕಾಲೇಜು ಓದಿದವಳು. ಮನೆಯಲ್ಲಿ ಅವಳ ಮಾತೇ ಕೊನೆಯ ಮಾತು. ಕೆಲಸ ಮುಗಿದ ಮೇಲೆ ಹಾಕಿ ಪಂದ್ಯಗಳ ತಂಡವೊಂದನ್ನು ನಡೆಸುವ ಆಟವನ್ನು ಕಂಪ್ಯೂಟರಿನಲ್ಲಿ ಆಡುತ್ತಿದ್ದಳು. ಅದರಲ್ಲಿ ಸ್ಟಿಕ್ ಹಿಡಿಯಬೇಕಿಲ್ಲ. ಹನ್ನೊಂದು ಮಂದಿಯನ್ನು ಆರಿಸಿ, ಅವರು ಹೇಗೆ ಆಡಬೇಕೆಂಬ ತಂತ್ರವನ್ನು ಗೊತ್ತುಮಾಡಿದರೆ ಪಂದ್ಯ ತಾನಾಗಿಯೇ ನಡೆಯುತ್ತದೆ. ಆಟಗಾರರು ಪರದೆಯ ಮೇಲೆ ಚುಕ್ಕೆಗಳಾಗಿ ಓಡುತ್ತಾರೆ. ನೋಡಲು ಪುರುಸೊತ್ತಿಲ್ಲದವರು ಒಂದು ಗುಂಡಿ ಒತ್ತಿ ನೇರವಾಗಿ ಫಲಿತಾಂಶ ತಿಳಿಯಬಹುದು. ಅವಳು ಯಾವಾಗಲೂ ಗುಂಡಿಯನ್ನೇ ಒತ್ತುತ್ತಿದ್ದಳು.

ಚಾಂಪಿಯನ್ ತಂಡದ ತಂತ್ರವನ್ನೇ ಅವಳು ತನ್ನ ತಂಡಕ್ಕೂ ಗೊತ್ತುಮಾಡಿದ್ದಳು: ಎಲ್ಲರೂ ಮುಂದಕ್ಕೆ ನುಗ್ಗಬೇಕು. ತಂಡ ಸೋಲುತ್ತ ಹೋಯಿತು. ಉಳಿದದ್ದು ಒಂದೇ ಪಂದ್ಯ. ಅದನ್ನೂ ಸೋತರೆ ತಂಡವೇ ಅಳಿಸಿಹೋಗುತ್ತದೆ. ಒಬ್ಬೊಬ್ಬರಿಗೂ ಹೆಸರಿಟ್ಟು, ಕಿರಿಯರಿದ್ದಾಗಿನಿಂದ ಬೆಳೆಸಿದ ತಂಡ ಅದು. ಅವಳಿಗೆ ಊಟ ಸೇರಲಿಲ್ಲ.

ಫಲಿತಾಂಶದ ಪಟ್ಟಿಯ ಪ್ರಕಾರ ಬಿದ್ದ ಗೋಲುಗಳೆಲ್ಲ ವಯಸ್ಸಾದ ಒಬ್ಬ ರಕ್ಷಕನ ಕಡೆಯಿಂದಲೇ ಬಂದಿದ್ದವು.

"ಇವನೊಬ್ಬನನ್ನು ಕಿತ್ತುಹಾಕಿದರೆ ತಂಡ ಉಳಿಯುತ್ತದೆ," ಎಂದಳು.

ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ನಾದಿನಿ ನಕ್ಕಳು. "ಸಾರಿನ ರುಚಿ ನೋಡದೆ ಅಡುಗೆಯವಳನ್ನು ಬಿಡಿಸುವವರಲ್ಲ ನೀವು. ಪಾಪ, ಇವನೇನು ಮಾಡಿದ ಅತ್ತಿಗೆ? ಒಂದು ಪಂದ್ಯವನ್ನಾದರೂ ಕೂತು ನೋಡಿದ್ದೀರಾ?"

ಅವಳಿಗೆ ಚುರುಕ್ಕೆಂದಿತು. ಹಿಂದೆ ಸೋತ ಪಂದ್ಯವನ್ನು ಹಾಕಿಕೊಂಡು ನೋಡಿದಳು. ಚುಕ್ಕೆಗಳೆಲ್ಲ ಮುಂದಕ್ಕೆ ನುಗ್ಗಿದವು. ಚೆಂಡು ಕೈತಪ್ಪಿತು. ಉಳಿದವರೆಲ್ಲ ಮುಂದೆಯೇ ನಿಂತರು. ಒಂದು ಚುಕ್ಕೆ ಮಾತ್ರ ಹಿಂದಕ್ಕೆ ಓಡಿ ಎದುರಾಳಿಯನ್ನು ತಡೆಯಿತು. ಮತ್ತೆ ನುಗ್ಗಿದರು, ಮತ್ತೆ ಅದೊಂದೇ ಓಡಿತು. ಪಂದ್ಯದ ಕೊನೆಗೆ ಅದು ಓಡಲಾರದೆ ತೆವಳುತ್ತಿತ್ತು. ಗೋಲುಗಳು ಬಿದ್ದದ್ದು ಆಗ. ಅವು ಅವನ ಕಡೆಯಿಂದ ಬಂದದ್ದು ನಿಜ. ಆ ಕಡೆ ಇದ್ದವನು ಅವನೊಬ್ಬನೇ.

ಅವಳು ಅವನನ್ನು ಉಳಿಸಿಕೊಂಡು ತಂತ್ರವನ್ನು ಬದಲಿಸಿದಳು. ಅರ್ಧ ತಂಡ ಅವನ ಜೊತೆ ಹಿಂದೆ ನಿಲ್ಲಲಿ ಎಂದಳು. ಕೊನೆಯ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದಳು. ಯಾರೂ ಗೋಲು ಹೊಡೆಯಲಿಲ್ಲ. ಪಂದ್ಯ ಸಮವಾಯಿತು, ತಂಡ ಉಳಿಯಿತು.

ಅವಳು ಪರದೆಗೆ ಕೈ ಮುಗಿದಳು.

"ಅಯ್ಯೋ, ಚುಕ್ಕೆಗೂ ಕೈ ಮುಗಿಯುತ್ತೀರಾ?" ಎಂದಳು ನಾದಿನಿ.

"ಮುಗಿಯದೆ ಇನ್ನೇನು ಮಾಡಲಿ? ಇಷ್ಟು ದಿನ ನನ್ನ ತಪ್ಪನ್ನು ಹೊತ್ತುಕೊಂಡು ಓಡಿದವನು ಇವನು."

ಗುರುಗಳು ಕತೆ ಮುಗಿಸಿದರು. ಶಿಷ್ಯ ಸ್ವಲ್ಪ ಯೋಚಿಸಿ, "ಹಾಗಾದರೆ ಅವನಿಗೆ ಇನ್ನೊಂದು ಅವಕಾಶ ಕೊಡುತ್ತೇನೆ," ಎಂದ.

ಶಾಲೆಯ ಕಡೆಯಿಂದ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುವ ದನಿ ಕೇಳುತ್ತಿತ್ತು. ಗುರುಗಳು ಅದಕ್ಕೆ ಕಿವಿಗೊಟ್ಟು ಕೇಳಿದರು:

"ನೀನು ಅರ್ಧಕ್ಕೆ ಬಿಟ್ಟುಬಂದ ಪಾಠವನ್ನು ಈಗ ಹೇಳಿಕೊಡುತ್ತಿರುವವರು ಯಾರಪ್ಪಾ?"

ಶಿಷ್ಯ ಎದ್ದು ಶಾಲೆಯ ಕಡೆಗೆ ನಡೆದ.